ಒಂದು ಒತ್ತು ಕಡಿಮೆ

ಮೆತ್ತಣ್ಣ ಬಸ್ಸು ನಿಲ್ಲಿಸಿದ್ದು ಒಳಗೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ. ತೂಕಡಿಸುವವರ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯುತ್ತಿರಲಿಲ್ಲ, ನಿಂತವರು ಪಕ್ಕದವರ ಕಾಲು ತುಳಿಯುತ್ತಿರಲಿಲ್ಲ. ಕಿಟಕಿಯಾಚೆ ಓಡುತ್ತಿದ್ದ ಗೋಡೆ ಯಾವಾಗಲೋ ಸುಮ್ಮನೆ ನಿಂತಿರುತ್ತಿತ್ತು. ಅದನ್ನು ನೋಡಿ ಜನ, ಅಯ್ಯೋ ನಮ್ಮ ಸ್ಟಾಪು ಬಂತಲ್ಲ ಎಂದು ಚೀಲ ತಡಕಿಕೊಂಡು ಏಳುತ್ತಿದ್ದರು. ಹತ್ತುವವರಿಗೂ ಇಳಿಯುವವರಿಗೂ ಅವನದು ಒಂದೇ ಮಾತು, "ಮೆತ್ತಗೆ, ಮೆತ್ತಗೆ." ಡಿಪೋದವರು ಆ ಮಾತನ್ನೇ ಹಿಡಿದು ಮೆತ್ತಣ್ಣ ಎಂದು ಕರೆದರು, ಹೆಸರು ಅಂಟಿಕೊಂಡಿತು.

ಹೊರಗಿನವರಿಗೆ ಮೆತ್ತಣ್ಣ, ಸರಿ. ಅವನ ಹೆಂಡತಿಯನ್ನು ಕೇಳಿದರೆ ಕಥೆ ಬೇರೆ. "ಮೆತ್ತಣ್ಣನಂತೆ! ಒಂದ್ಸಲ ಬೇಡ ಅಂದ್ರೆ ಮುಗೀತು. ಆ ಬ್ರಹ್ಮನೇ ಬಂದು ಹೇಳಿದ್ರೂ ಬೇಡವೇ" ಎಂದು ಅವಳು ಇಸ್ತ್ರಿಪೆಟ್ಟಿಗೆಯನ್ನು ಠಪ್ಪೆಂದು ಇಡುತ್ತಿದ್ದಳು. ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ಅವಳ ಅಂಗಡಿ. ಕಂಬಳಿಯ ಮೇಲೆ ಬಿಳಿ ಬಟ್ಟೆ ಬಿಗಿದ ಉದ್ದನೆಯ ಮೇಜು, ಗೋಡೆಗೆ ಸಾಲಾಗಿ ಮೊಳೆ, ಮೊಳೆಗೆ ಬೀದಿಯವರ ಅಂಗಿಗಳು. ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ. ಪೆಟ್ಟಿಗೆ ಕಾದಿದೆಯೋ ಇಲ್ಲವೋ ಎಂದು ನೋಡಲು ಅವಳಿಗೆ ಅದರ ತಿರುಗಣೆಯ ಅಂಕಿಗಳು ಬೇಕಿರಲಿಲ್ಲ. ಬೆರಳ ತುದಿ ಒದ್ದೆ ಮಾಡಿ ತಾಗಿಸಿದರೆ ಚುಂಯ್ ಎನ್ನಬೇಕು. ಆ ಚುಂಯ್ ಮೊಂಡಾಗಿದ್ದರೆ ಹತ್ತಿಬಟ್ಟೆ ಮುಟ್ಟಳು, ತೀರಾ ಚೂಪಾಗಿದ್ದರೆ ರೇಷ್ಮೆ ಮುಟ್ಟಳು. ಈ ವಿಷಯದಲ್ಲಿ ಅವಳೂ ಗಂಡನಷ್ಟೇ ಹಟಮಾರಿ.

ಗಂಡನ ಹಟಗಳಲ್ಲಿ ಅವಳಿಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಒಂದು. ಮದುವೆಯಾದಂದಿನಿಂದ ಅವಳು ಅವನ ಬಸ್ಸು ಹತ್ತಿದವಳಲ್ಲ. ಹತ್ತಲು ಅವನು ಬಿಡಲಿಲ್ಲ. ಮನೆಯವರು ಹಿಂದೆ ಕೂತಿದ್ದರೆ ಡ್ರೈವರ್ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಹೋಗುತ್ತದಂತೆ. ತವರಿಗೆ ಹೋಗಬೇಕಾದರೂ ಅವನ ಬಸ್ಸು ಮುಂದೆ ಹೋಗಲು ಬಿಟ್ಟು, ಹಿಂದಿನ ಬಸ್ಸಿಗೆ ಕಾದು ಹತ್ತಬೇಕು. ಮೊದಮೊದಲು ಜಗಳ ಆಡಿದಳು, ಆಮೇಲೆ ನಗಾಡಿದಳು, ಕೊನೆಗೆ ಅಭ್ಯಾಸವಾಯಿತು.

ಎರಡನೆಯ ಹಟ ಆ ಡಬ್ಬಿಯದು.

ಅದೊಂದು ಬೂದು ಬಣ್ಣದ ಪ್ಲಾಸ್ಟಿಕ್ ಆಟದ ಡಬ್ಬಿ, ಅಂಗೈಗಿಂತ ತುಸು ದೊಡ್ಡದು. ಮೇಲೆ ಮಬ್ಬು ಪರದೆ, ಕೆಳಗೆ ಹಳದಿ ಗುಂಡಿಗಳು. ಒಂದು ಕಾಲದಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ಇದ್ದದ್ದು, ಈಗ ಯಾರಿಗೂ ಬೇಡವಾದದ್ದು. ಯಾರೋ ಅದನ್ನು ಬಸ್ಸಿನ ಸೀಟಿನಲ್ಲಿ ಮರೆತು ಇಳಿದಿದ್ದರು. ಡಿಪೋದ ಕಪಾಟಿನಲ್ಲಿ ಎಷ್ಟೋ ಕಾಲ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಧೂಳು ಹಿಡಿಯುತ್ತಿದೆ, ನೀನೇ ತಗೊಂಡು ಹೋಗು ಎಂದು ಕಪಾಟಿನವನು ಇವನ ಕೈಗಿತ್ತ. ಆಟ ಎಲ್ಲರಿಗೂ ತಿಳಿದದ್ದೇ. ಮೇಲಿನಿಂದ ಕಪ್ಪು ಚೌಕಗಳು ನಾಲ್ಕು ನಾಲ್ಕು ಅಂಟಿಕೊಂಡು ಉದುರುತ್ತವೆ, ಒಂದು ಕೋಲಿನ ಹಾಗೆ, ಒಂದು ಕೊಕ್ಕೆಯ ಹಾಗೆ, ಒಂದು ಮೆಟ್ಟಿಲ ಹಾಗೆ. ಕೆಳಗೆ ಮುಟ್ಟುವುದರೊಳಗೆ ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂರಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ. ತುಂಬದಿದ್ದರೆ ರಾಶಿ ಏರುತ್ತ ಏರುತ್ತ ನೆತ್ತಿ ಮುಟ್ಟಿ ಆಟ ಮುಗಿಯುತ್ತದೆ. ಬೇಕಾದಷ್ಟು ಸಾಲು ಮಾಯವಾದಾಗ ಮಾತ್ರ ಡಬ್ಬಿ ತಾನೇ ಖುಷಿಪಟ್ಟು ಒಂದು ಚಿಕ್ಕ ಹಾಡು ನುಡಿಸುತ್ತದೆ.

ಆ ಹಾಡಿಗೆ ಮೆತ್ತಣ್ಣ ಗಂಟುಬಿದ್ದ. ಬೆಳಿಗ್ಗೆ ಮುಖ ತೊಳೆದು, ಟೀ ಕುಡಿದು, ಅಡುಗೆಮನೆಯ ಮೇಜಿಗೆ ಎರಡೂ ಮೊಣಕೈ ಊರಿ ಒಂದು ಆಟ. ಒಂದೇ ಒಂದು, ಎರಡನೆಯದಕ್ಕೆ ಅವಕಾಶವಿಲ್ಲ. ಹಾಡು ಬಂದರೆ ಯೂನಿಫಾರ್ಮ್ ಹಾಕಿಕೊಂಡು ಡಿಪೋಗೆ. ಬರದಿದ್ದರೆ ಆ ದಿನ ರಜೆ. ಸಾಲಾಗಿ ಮೂರು ಬೆಳಿಗ್ಗೆ ಬರದಿದ್ದರೆ ಸ್ಟೀರಿಂಗಿಗೆ ಕೈಮುಗಿದು ಇಳಿದುಬಿಡುವುದು. ಇದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟು.

"ಯಾಕ್ರೀ, ಡಿಪೋ ಡಾಕ್ಟ್ರು ವರ್ಷ ವರ್ಷ ನೋಡಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಡಾಕ್ಟ್ರು ಕಣ್ಣು ನೋಡ್ತಾರೆ."

"ಮತ್ತೆ ಇದು?"

"ಇದು ಬೇರೆ. ನನ್ನದೊಂದು ಹುಚ್ಚು, ಬಿಡು."

ಅವಳು ಬಿಟ್ಟಳು. ಬಿಡಬಾರದಿತ್ತು. ಆದರೆ ಗಂಡಂದಿರ ಹುಚ್ಚುಗಳನ್ನೆಲ್ಲ ಬೆನ್ನುಹತ್ತಿ ವಿಚಾರಿಸುತ್ತ ಕೂತರೆ ಬೀದಿಯವರ ಅಂಗಿಗೆ ಇಸ್ತ್ರಿ ಹಾಕುವವರು ಯಾರು? ಅವನ ವಯಸ್ಸಿನ ಕೆಲವರು ಕುಡಿಯುತ್ತಾರೆ, ಕೆಲವರು ಊರ ಉಸಾಬರಿ ಮೈಮೇಲೆ ಎಳೆದುಕೊಳ್ಳುತ್ತಾರೆ. ಇವನದು ಮಕ್ಕಳಾಟ, ಆಡಿಕೊಳ್ಳಲಿ ಎಂದುಕೊಂಡಳು.

ಅವರಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಆ ಮನೆಯಲ್ಲಿ ಕೇಳುತ್ತಿದ್ದದ್ದು ಇಸ್ತ್ರಿಯ ಚುಂಯ್, ಗುಂಡಿಗಳ ಟಕಟಕ, ಕೊನೆಗೆ ಆ ಹಾಡು. ವರ್ಷಗಟ್ಟಲೆ ಕೇಳಿ ಕೇಳಿ ಅವಳಿಗೆ ಎಲ್ಲವೂ ಕಿವಿಯಲ್ಲೇ ತಿಳಿಯುತ್ತಿತ್ತು. ಟಕಟಕ ಒಂದೇ ಹದದಲ್ಲಿದ್ದರೆ ಆಟ ಚೆನ್ನಾಗಿದೆ, ನಡುವೆ ತಡವರಿಸಿ ಆಮೇಲೆ ಗಡಿಬಿಡಿಯಾದರೆ ರಾಶಿ ಏರುತ್ತಿದೆ. ಜ್ವರ ಬಂದಾಗ ಹಾಡು ತಪ್ಪಿದ್ದುಂಟು, ಅತ್ತೆ ತೀರಿಕೊಂಡ ದಿನಗಳಲ್ಲಿ ತಪ್ಪಿದ್ದುಂಟು. ಮಿಕ್ಕಂತೆ ಇಪ್ಪತ್ತು ವರ್ಷಕ್ಕೂ ಮೇಲೆ ಅದು ಬರುತ್ತಲೇ ಇತ್ತು. ಅದು ಕೇಳಿದ ಮೇಲೆಯೇ ಅವಳು ಯೂನಿಫಾರ್ಮಿನ ಕಾಲರಿಗೆ ಕೊನೆಯ ಒತ್ತು ಕೊಡುತ್ತಿದ್ದಳು.

ಡಬ್ಬಿಯ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಚೌಕಗಳು ಎಷ್ಟು ಜೋರಾಗಿ ಉದುರಬೇಕು ಎಂಬುದಕ್ಕೆ ಒಂದು ಗುಂಡಿಯಿತ್ತು, ಒತ್ತಿದಷ್ಟೂ ವೇಗ ಹೆಚ್ಚು. ಮೆತ್ತಣ್ಣ ಎಂಟು ಸಲ ಒತ್ತಿಟ್ಟಿದ್ದ. ಒಳಗಿನ ಬ್ಯಾಟರಿ ಶೆಲ್ಲು ತೆಗೆದು ಹಾಕಿದರೆ ಮಾತ್ರ ವೇಗ ಮತ್ತೆ ಬುಡಕ್ಕೆ ಇಳಿಯುತ್ತಿತ್ತು. ಹೊಸ ಶೆಲ್ಲು ಹಾಕಿದಾಗಲೆಲ್ಲ ಅವನು ತುಟಿ ಅಲ್ಲಾಡಿಸುತ್ತ ಎಣಿಸಿ ಒತ್ತುತ್ತಿದ್ದ. ವೇಗ ಎಷ್ಟೆಂದು ಪರದೆಯ ಮೂಲೆಯಲ್ಲಿ ಅಂಕಿ ಬರುತ್ತಿತ್ತು, ನಿಜ. ಆದರೆ ಒಮ್ಮೆ ಡಬ್ಬಿ ಮೇಜಿನಿಂದ ಬಿದ್ದು, ಆ ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು ಹರಡಿಕೊಂಡಿತು. ಅಂದಿನಿಂದ ಆ ಅಂಕಿಯನ್ನು ಕಂಡವರಿಲ್ಲ.

ಹಾಡು ತಡವಾಗಿ ಬರತೊಡಗಿದ್ದನ್ನು ಮೊದಲು ಗಮನಿಸಿದ್ದು ಅವಳೇ. ಟಕಟಕದ ನಡುವೆ ತಡವರಿಕೆ ಹೆಚ್ಚಿತು. ಹಾಡು ಬಂದರೂ, ಬಾಗಿಲು ಮುಚ್ಚುವ ಹೊತ್ತಿಗೆ ಓಡಿಬಂದು ಬಸ್ಸು ಹತ್ತುವವರ ಹಾಗೆ ಏದುಸಿರಲ್ಲಿ ಬರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಬರಲೇ ಇಲ್ಲ. ಅವಳು ಕಿವಿ ನಿಮಿರಿಸಿ ನಿಂತವಳು ಕೈಯನ್ನು ಮರೆತಳು. ಸುಟ್ಟ ವಾಸನೆ ಬಂದಾಗ ನೋಡಿದರೆ ಯೂನಿಫಾರ್ಮಿನ ಜೇಬಿನ ಮೇಲೆ ಪೆಟ್ಟಿಗೆಯ ಮೂತಿಯ ಕಂದು ಗುರುತು. ಇಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು, ಅದೂ ಗಂಡನದು.

ಮೆತ್ತಣ್ಣ ಅಡುಗೆಮನೆಯಿಂದ ಬಂದು ಗುರುತನ್ನು ನೋಡಿದ. ಡಿಪೋಗೆ ಫೋನು ಮಾಡಿ ರಜೆ ಹೇಳಿದ. ಹಗಲೆಲ್ಲ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಟ್ಟಿರದ ನಲ್ಲಿಯನ್ನು ರಿಪೇರಿ ಮಾಡಿದ.

ಮಾರನೆಯ ಬೆಳಿಗ್ಗೆಯೂ ಹಾಡು ಬರಲಿಲ್ಲ.

"ನಾಳೆ ಒಂದು ನೋಡ್ತೀನಿ" ಎಂದ ಅವನು. "ಬರದಿದ್ರೆ ಮ್ಯಾನೇಜರ್‌ಗೆ ಹೇಳ್ಬಿಡ್ತೀನಿ. ಬಸ್‌ಸ್ಟ್ಯಾಂಡಿನಲ್ಲಿ ಮೈಕ್ ಹಿಡಿಯೋ ಕೆಲಸ ಖಾಲಿ ಇದೆಯಂತೆ. ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಕೂಗೋದು."

"ನೀವು ಕೂಗೋದಾ? ನೀವು ಮಾತಾಡಿದ್ರೆ ಪಕ್ಕದಲ್ಲಿರೋ ನನಗೇ ಕೇಳ್ಸಲ್ಲ."

ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಮುಂದಿನದನ್ನು ಮಾಡುತ್ತಿರಲಿಲ್ಲವೋ ಏನೋ. ಮೊನ್ನೆ ಮೊನ್ನೆ ಡಾಕ್ಟರು ಕಣ್ಣು, ಎದೆ, ಮಂಡಿ ಎಲ್ಲ ನೋಡಿ, ಇನ್ನೂ ಗಟ್ಟಿಮುಟ್ಟಾಗಿದ್ದೀರಿ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಓದಿದ ಡಾಕ್ಟರು ಸರಿ ಎಂದಮೇಲೆ ಬೇಡ ಎನ್ನಲು ಈ ಡಬ್ಬಿ ಯಾವ ದೊಡ್ಡ ಮನುಷ್ಯ? ಯಾವುದೋ ಮಗು ಮರೆತು ಹೋದ ಆಟಿಕೆ ತನ್ನ ಗಂಡನನ್ನು ಬಸ್ಸಿನಿಂದ ಇಳಿಸುವುದೇ? ಬಸ್ಸಿಲ್ಲದ ಅವನನ್ನು ಅವಳು ಎರಡು ದಿನ ನೋಡಿದ್ದಳು. ನಲ್ಲಿಯ ಮುಂದೆ ಕೂತ ಆ ಬೆನ್ನು ಅವಳ ಕಣ್ಣಿಗೆ ಕಟ್ಟಿತ್ತು.

ಸಂಜೆ ಅವನು ಸ್ನಾನಕ್ಕೆ ಹೋದ. ಬಕೆಟ್ಟಿಗೆ ನೀರು ಬೀಳುವ ಸದ್ದು ಶುರುವಾದದ್ದೇ ಅವಳು ಡಬ್ಬಿ ಕೈಗೆತ್ತಿಕೊಂಡಳು. ಹಿಂಬದಿಯ ಮುಚ್ಚಳ ತೆಗೆದು, ಶೆಲ್ಲುಗಳನ್ನು ಹೊರಗೆಳೆದು, ಮತ್ತೆ ಹಾಕಿದಳು. ವೇಗದ ಗುಂಡಿಯನ್ನು ಎಣಿಸಿ ಒತ್ತಿದಳು. ಏಳಕ್ಕೆ ಬೆರಳು ನಿಂತಿತು. ಒಂದೇ ಒಂದು ಒತ್ತು ಕಡಿಮೆ, ಅಷ್ಟೇ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು. ಅಂಗಿಯ ಅಳತೆ ಒಂದು ಬೆರಳು ಸಡಿಲ ಮಾಡಿದರೆ ಅದು ಬೇರೆಯವರ ಅಂಗಿ ಆಗಿಬಿಡುತ್ತದೆಯೇ? ಡಬ್ಬಿಯನ್ನು ಇದ್ದಲ್ಲೇ, ಇದ್ದ ಹಾಗೇ ಇಟ್ಟಳು.

ಬೆಳಿಗ್ಗೆ ಹಾಡು ಬಂತು.

ಮೆತ್ತಣ್ಣ ಡಬ್ಬಿ ಹಿಡಿದುಕೊಂಡೇ ಮುಂದಿನ ಕೋಣೆಗೆ ಬಂದ. "ಕೇಳಿಸ್ತೇನೇ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

"ಕೇಳಿಸ್ತು."

"ಎರಡು ದಿನ ಮಲಗಿ ಎದ್ದದ್ದಕ್ಕೆ ಕೈ ಹಗುರ ಆಗಿದೆ ಕಣೇ. ಸುಸ್ತಾಗಿತ್ತು ಅಷ್ಟೇ. ನಾನೇ ಏನೇನೋ ಅಂದ್ಕೊಂಡೆ."

"ನೀವು ಅಂದ್ಕೊಳ್ಳೋದೇ ಜಾಸ್ತಿ" ಎಂದು ಅವಳು ತಲೆಯೆತ್ತದೆ ಇಸ್ತ್ರಿ ಉಜ್ಜಿದಳು. ಅವನು ಶಿಳ್ಳೆ ಹಾಕುತ್ತ ಹೊರಟ. ಅವಳಿಗೆ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು, ತುಂಬಾ ಸಂತೋಷವಾಯಿತು. ಕಾಲಿನಲ್ಲಿ ಮುಳ್ಳು ಮುರಿದುಕೊಂಡವರೂ ನಡೆಯುತ್ತಾರಲ್ಲ, ಹಾಗೆ ದಿನಗಳು ನಡೆದವು.

ಇಷ್ಟಕ್ಕೇ ನಿಂತಿದ್ದರೆ ಅವಳನ್ನು ಯಾರೂ ದೂರುತ್ತಿರಲಿಲ್ಲ, ನಾನಂತೂ ದೂರುತ್ತಿರಲಿಲ್ಲ. ಆದರೆ ಕೆಲವು ತಿಂಗಳಲ್ಲಿ ಹಾಡು ಮತ್ತೆ ಏದುಸಿರು ಬಿಡತೊಡಗಿತು. ಒಂದು ದಿನ ತಪ್ಪಿತು. ನಿದ್ದೆ ಸಾಲದಾಯಿತು ಎಂದು ಅವನು ರಜೆ ಹಾಕಿದ. ಅಂದು ಸಂಜೆ ಮತ್ತೆ ಬಕೆಟ್ಟಿಗೆ ನೀರು ಬೀಳುವ ಸದ್ದು, ಮತ್ತೆ ಅವಳ ಕೈಯಲ್ಲಿ ಡಬ್ಬಿ. ಈ ಸಲ ಆರಕ್ಕೆ ನಿಲ್ಲಿಸಿದಳು. ಮೊದಲ ಸಲ ಸುಸ್ತು ಎಂದು ನಂಬಲು ಎಡೆಯಿತ್ತು. ಈಗ ಇರಲಿಲ್ಲ. ಅವನ ಬೆರಳು ನಿಧಾನವಾಗುತ್ತಿದೆ ಎಂದು ಲೋಕದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಆ ಬೆರಳಿನವನು ದಿನವೂ ಊರ ಜನರನ್ನು ತುಂಬಿಕೊಂಡು ಹೋಗುತ್ತಾನೆಂಬುದೂ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಳ ಮುಚ್ಚಿದಳು.

ಅದು ನಡೆದದ್ದು ಒಂದು ಮಟಮಟ ಮಧ್ಯಾಹ್ನ. ಮನೆ ಮುಂದೆ ಬಂದು ನಿಂತವರು ಇಬ್ಬರು, ಮೆತ್ತಣ್ಣ ಮತ್ತು ಅವನ ಬಸ್ಸಿನ ಕಂಡಕ್ಟರ್. ಕಂಡಕ್ಟರ್ ಹೆಂಗಸು, ಬಾಯಿ ಜೋರು, ಮನಸ್ಸು ಬೆಣ್ಣೆ. ಮೆತ್ತಣ್ಣನ ಕೈಯಲ್ಲಿ ಕಡ್ಡಿ ಮುರಿದ ಒಂದು ಕಪ್ಪು ಕೊಡೆ.

"ಅತ್ತಿಗೆ, ಮೊದ್ಲು ಅಣ್ಣಂಗೆ ದೃಷ್ಟಿ ತೆಗೀರಿ!" ಎಂದು ಕಂಡಕ್ಟರ್ ಹೊಸ್ತಿಲಲ್ಲೇ ಶುರುಮಾಡಿದಳು. "ಇವತ್ತು ಅಣ್ಣ ಒಂದು ಜೀವ ಉಳಿಸಿದ್ರು. ತಿರುವಿನ ಹತ್ರ ಇರೋ ಸ್ಟಾಪು ಇದೆಯಲ್ಲ, ಅಲ್ಲಿ ಒಬ್ಬರು ಅಜ್ಜಿ, ದಿನಾ ನಮ್ಮ ಬಸ್ಸಲ್ಲೇ ಬರೋರು, ಬಿಸಿಲಿಗೆ ಕೊಡೆ ಬಿಚ್ಕೊಂಡು ಹಿಂದೆಮುಂದೆ ನೋಡದೆ ರಸ್ತೆಗೆ ಇಳಿದ್ಬಿಟ್ರು. ಅಣ್ಣ ಹಾಕಿದ ಬ್ರೇಕಿಗೆ ನಾನು ಮೊದಲನೇ ಸೀಟಿಂದ ಗೇರ್ ಹತ್ರ ಬಂದ್ಬಿದ್ದೆ ನೋಡಿ! ಕೊಡೆ ಬಸ್ಸಿನ ಮೂತಿಗೆ ಸಿಕ್ಕಿ ಮುರೀತು, ಅಜ್ಜಿಗೆ ಒಂದು ಗೀರೂ ಇಲ್ಲ. ಇಡೀ ಬಸ್ಸು ಚಪ್ಪಾಳೆ ಹೊಡೀತು. ಅಜ್ಜಿ ಮಾತ್ರ ಬೈಕೊಂಡೇ ಹೋದ್ರು, ಕೊಡೆ ಅಲ್ಲೇ ಬಿಟ್ಟು."

"ಪುಣ್ಯ" ಎಂದಳು ಇಸ್ತ್ರಿಯಕ್ಕ. ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. ಮೆತ್ತಣ್ಣನ ಬ್ರೇಕಿಗೆ ಯಾರಾದರೂ ಮುಂದೆ ಬಂದು ಬೀಳುವುದೇ?

ಕಂಡಕ್ಟರ್ ನೀರು ಕುಡಿದು, ಇನ್ನೊಂದು ಸುತ್ತು ಹೊಗಳಿ ಹೋದಳು. ಮೆತ್ತಣ್ಣ ಕೊಡೆಯನ್ನು ಮೂಲೆಗಿಟ್ಟು ಸೀದಾ ಅಡುಗೆಮನೆಗೆ ನಡೆದ, ಚಪ್ಪಲಿಯನ್ನೂ ಬಿಡಲಿಲ್ಲ. ಡಬ್ಬಿ ತೆಗೆದುಕೊಂಡು ಕೂತ. ಮಧ್ಯಾಹ್ನದ ಹೊತ್ತು ಅವನು ಅದನ್ನು ಮುಟ್ಟಿದ್ದೇ ಇಲ್ಲ. ಟಕಟಕ ಕೇಳಿಸಿತು. ಅವಳು ಬಾಗಿಲಲ್ಲಿ ನಿಂತಳು. ಹಾಡು ಬರದಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡಳು. ಆದರೆ ಅದು ಬಂತು, ಎಂದಿನ ಹಾಗೆ, ಏನೂ ಆಗಿಲ್ಲವೆಂಬಂತೆ.

ಮೆತ್ತಣ್ಣ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಸುಳ್ಳು" ಎಂದ.

"ಏನ್ರೀ?"

"ಇದು ಸುಳ್ಳು ಕಣೇ. ನಾನು ಯಾರನ್ನೂ ಉಳಿಸಲಿಲ್ಲ. ಅಜ್ಜಿ ಇಳಿದದ್ದು ನಂಗೆ ದೂರದಿಂದಲೇ ಕಂಡಿತ್ತು. ಕಂಡಿತ್ತು, ಆದ್ರೆ ಕಾಲು ಬರಲಿಲ್ಲ. ಕಾಲು ಬರೋ ಹೊತ್ತಿಗೆ ಕೊಡೆ ಮುರಿದಿತ್ತು. ಬಿಚ್ಚಿದ ಕೊಡೆ ನಡುವೆ ಇತ್ತು ಅಂತ ಅಜ್ಜಿ ಒಂದು ಮೊಳ ಆಚೆ ಇದ್ರು, ಅಷ್ಟೇ. ಬದುಕಿಸಿದ್ದು ಕೊಡೆ, ನಾನಲ್ಲ. ಇವತ್ತು ಬೆಳಿಗ್ಗೆ ಹಾಡು ಬಂದಿತ್ತು. ಈಗಲೂ ಬಂತು. ಅಂದ್ರೆ ಇದಕ್ಕೂ ನನ್ನ ಕಾಲಿಗೂ ಸಂಬಂಧಾನೇ ಇಲ್ಲ. ಇಷ್ಟು ವರ್ಷ ನಾನು ಇದನ್ನ ನಂಬ್ಕೊಂಡು... ಯಾವ ಧೈರ್ಯದ ಮೇಲೆ ಜನರನ್ನ ಕೂರಿಸ್ಕೊಂಡು ಹೋಗ್ತಿದ್ದೆ ನಾನು?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಾಯಿ ಸತ್ತಾಗಲೂ ಅವನು ಹಾಗೆ ಕೂತದ್ದನ್ನು ಅವಳು ನೋಡಿರಲಿಲ್ಲ. ಸುಮ್ಮನಿರಲು ಅವಳಿಗೆ ದಾರಿ ಇತ್ತು. ಹೇಗೂ ಅವನು ಇನ್ನು ಬಸ್ಸು ಓಡಿಸುವವನಲ್ಲ. ಡಬ್ಬಿಯ ಮೇಲೆ ತಪ್ಪು ಹೊರಿಸಿ ಹಿತ್ತಿಲಿಗೆ ಎಸೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಂಡನ ಕಣ್ಣಲ್ಲಿ ಅವಳು ಮುಂಚಿನವಳಾಗಿಯೇ ಉಳಿಯುತ್ತಾಳೆ. ಆದರೆ ಅವನು ಕಳೆದುಕೊಳ್ಳುತ್ತಿರುವುದು ಇವತ್ತಿನ ಬಸ್ಸನ್ನಷ್ಟೇ ಅಲ್ಲ, ಹಿಂದಿನ ಅಷ್ಟೂ ವರ್ಷಗಳನ್ನು ಎಂದು ಅವಳಿಗೆ ಕಂಡಿತು. ಅದನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ.

"ಡಬ್ಬಿ ಸುಳ್ಳಲ್ಲ" ಎಂದಳು. "ನಾನು."

ಹೇಳಿದಳು. ಬಕೆಟ್ಟಿನ ನೀರಿನ ಸದ್ದು, ಶೆಲ್ಲು ತೆಗೆದದ್ದು, ಏಳು, ಆಮೇಲೆ ಆರು. ಅವನು ಕೈ ತೆಗೆದು ಅವಳ ಮುಖವನ್ನೇ ನೋಡುತ್ತಿದ್ದ. ಮೊದಲು ಅರ್ಥವಾಗದವನ ಹಾಗೆ, ಆಮೇಲೆ ಗುರುತು ಸಿಗದವನ ಹಾಗೆ.

"ನನ್ನ ಬಸ್ಸಲ್ಲಿ ಎಷ್ಟು ಜನ ಇರ್ತಾರೆ ಗೊತ್ತೇನೇ ನಿಂಗೆ?" ಎಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಸ್ಕೂಲು ಮಕ್ಕಳು ಇರ್ತಾರೆ. ಬಸುರಿ ಹೆಂಗಸ್ರು ಇರ್ತಾರೆ."

"ನೀವು ಆ ನಲ್ಲಿ ಮುಂದೆ ಕೂತಿದ್ದು ನೋಡಕ್ಕೆ ಆಗ್ಲಿಲ್ಲ ರೀ. ಡಾಕ್ಟ್ರೇ ಸರಿ ಅಂದಿದ್ರು. ಆಟದ ಸಾಮಾನು, ಇದರಿಂದ ಏನಾಗತ್ತೆ ಅಂದ್ಕೊಂಡೆ. ಯಾಕೆ ಆಡ್ತೀರಿ ಅಂತ ನೀವು ಯಾವತ್ತು ಹೇಳಿದ್ರಿ?"

ಆಗ ಅವನು ಹೇಳಿದ. ಅವನಿಗೆ ಬಸ್ಸು ಕಲಿಸಿದ ಹಿರಿಯ ಡ್ರೈವರ್ ಒಬ್ಬರಿದ್ದರು. ಊರಿಗೇ ಹೆಸರುವಾಸಿ, ಡಾಕ್ಟರ ಹತ್ತಿರ ಎಲ್ಲದರಲ್ಲೂ ಪಾಸು. ಒಂದು ದಿನ ಇವನು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗಲೇ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಆ ಸೈಕಲ್ಲಿನವನು ಆಮೇಲೆ ಏಳಲಿಲ್ಲ. ಹಿರಿಯರು ಕೆಳಗಿಳಿದು ರಸ್ತೆಯ ಮೇಲೆ ಕೂತುಬಿಟ್ಟರು. ಒಂದೇ ಮಾತನ್ನು ಸಾಯುವವರೆಗೂ ಹೇಳಿದರಂತೆ: "ಕಣ್ಣಿಗೆ ಕಂಡಿತ್ತು ಕಣಯ್ಯಾ, ಕಾಲು ಬರಲಿಲ್ಲ."

"ಕಾಲು ತಡ ಆಗ್ತಿದೆ ಅಂತ ಡ್ರೈವರ್‌ಗೆ ಗೊತ್ತಾಗಲ್ಲ" ಎಂದ ಮೆತ್ತಣ್ಣ. "ಗೊತ್ತಾಗೋ ದಿನ ಯಾರೋ ಒಬ್ಬರು ಕೆಳಗೆ ಬಿದ್ದಿರ್ತಾರೆ. ಅದಕ್ಕೆ ಮುಂಚೆ ಯಾರು ಹೇಳ್ಬೇಕು ನಂಗೆ? ಇದು ಕೈಗೆ ಸಿಕ್ತು. ಕಂಡದ್ದು ಬೆರಳಿಗೆ ಎಷ್ಟು ಬೇಗ ಬರತ್ತೆ ಅಂತ ಇದು ಹೇಳ್ತಿತ್ತು. ಬೆರಳು ತಡ ಆದ್ರೆ ಕಾಲೂ ತಡ ಆಗತ್ತೆ ಅಂದ್ಕೊಂಡೆ. ನಿಂಗೆ ಹೇಳಿದ್ರೆ ದಿನಾ ನಾನು ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀಯ ಅಂತ ಹೇಳಲಿಲ್ಲ."

ಇಬ್ಬರೂ ಮೇಜಿನ ಆಚೆ ಈಚೆ ಕೂತಿದ್ದರು. ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಸೇರಿ ಒಂದು ಮುದಿಜೀವವನ್ನು ಬಂಪರಿನ ಮುಂದೆ ತಂದು ನಿಲ್ಲಿಸಿದ್ದರು. ಪ್ರೀತಿ ಮಾಡುವ ಎಡವಟ್ಟಿಗೆ ಕೆಲವೊಮ್ಮೆ ತಲೆಬುಡ ಇರುವುದಿಲ್ಲ.

ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ.

"ನೀನೇ ಹಾಕು. ಎಂಟಕ್ಕೆ."

ಅವಳು ಶೆಲ್ಲು ತೆಗೆದು ಹಾಕಿದಳು. ಇಬ್ಬರಿಗೂ ಕೇಳುವಂತೆ ಜೋರಾಗಿ ಎಣಿಸುತ್ತ ಒತ್ತಿದಳು. ಏಳಕ್ಕೆ ನಿಲ್ಲದೆ ಎಂಟು ಎಂದಳು. ಅವನು ಆಡಿದ. ಇಷ್ಟು ವರ್ಷ ಕಿವಿಯಲ್ಲಿ ಮಾತ್ರ ಕೇಳಿದ್ದನ್ನು ಅವಳು ಅಂದು ಮೊದಲ ಸಲ ಅವನ ಭುಜದ ಹಿಂದೆ ನಿಂತು ಕಣ್ಣಾರೆ ನೋಡಿದಳು. ಕೋಲು ಉದುರಿತು, ಕೊಕ್ಕೆ ಉದುರಿತು. ಎಲ್ಲಿ ಕೂರಿಸಬೇಕೆಂದು ಅವನಿಗೆ ಗೊತ್ತಿತ್ತು, ಅವನ ಕಣ್ಣು ಆಗಲೇ ಆ ಸಂದಿಯ ಮೇಲಿರುತ್ತಿತ್ತು. ಬೆರಳು ಮಾತ್ರ ಹಿಂದೆ ಬೀಳುತ್ತಿತ್ತು. ಒಂದು ಕೊಕ್ಕೆ ತಿರುಗುವ ಮುಂಚೆಯೇ ಕೂತುಬಿಟ್ಟಿತು, ಅದರ ಮೇಲೆ ಇನ್ನೊಂದು ಕೂತಿತು. ರಾಶಿ ನೋಡನೋಡುತ್ತ ನೆತ್ತಿ ಮುಟ್ಟಿತು. ಹಾಡು ಬರಲಿಲ್ಲ.

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಒಂದು ಉಸಿರು ಬಿಟ್ಟ. ಹೊತ್ತ ಮೂಟೆ ಇಳಿಸಿದವರು ಬಿಡುವಂಥ ಉಸಿರು ಅದು.

"ಹಾಗಾದ್ರೆ ಇದು ಇಷ್ಟು ದಿನ ನಿಜವೇ ಹೇಳ್ತಿತ್ತು" ಎಂದ.

"ಹೂಂ."

"ಮುಂಚೆ ಓಡಿಸಿದ್ದೆಲ್ಲ ಸರಿಯಾಗೇ ಓಡಿಸಿದೀನಿ."

"ಸರಿಯಾಗೇ ಓಡಿಸಿದೀರ" ಎಂದು ಹೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅವಳ ಮೇಲಿನ ಸಿಟ್ಟು ಇನ್ನೂ ಅವನ ಮುಖದಲ್ಲೇ ಇತ್ತು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ ಹೇಳಿದ: "ನಾಳೆ ಯೂನಿಫಾರ್ಮಿಗೆ ಇಸ್ತ್ರಿ ಹಾಕಬೇಡ."

ಡಿಪೋದಲ್ಲಿ ಯಾರೂ ನಂಬಲಿಲ್ಲ. ನಿನ್ನೆ ತಾನೇ ಜೀವ ಉಳಿಸಿದವನು ಇವತ್ತು ಬಸ್ಸು ಬೇಡ ಅಂದರೆ ಯಾರು ನಂಬುತ್ತಾರೆ? ಹೆದರಿಕೊಂಡಿದ್ದಾನೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾನೆ ಎಂದರು. ಕಂಡಕ್ಟರಂತೂ ಮನೆಗೆ ಬಂದು, ಅತ್ತಿಗೆ ನೀವಾದ್ರೂ ಹೇಳಿ ಎಂದು ಗೋಗರೆದಳು. "ಅವರು ಹೇಳಿದ್ದು ಸರಿ ಇದೆಯಮ್ಮ" ಎಂದಷ್ಟೇ ಹೇಳಿದಳು ಇಸ್ತ್ರಿಯಕ್ಕ. ಮೆತ್ತಣ್ಣ ಬಸ್‌ಸ್ಟ್ಯಾಂಡಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತ. ಅವನ ದನಿ ಹೇಗೂ ಸಣ್ಣದು, ಮೈಕು ದೊಡ್ಡದು ಮಾಡಿತು. ಬಸ್ಸುಗಳ ಹೆಸರು ಹೇಳಿ ಮುಗಿಸಿ, "ಮೆತ್ತಗೆ ಹತ್ತಿ" ಎಂದು ಸೇರಿಸುತ್ತಿದ್ದನಂತೆ. ಕೇಳಿದವರು ನಗುತ್ತಿದ್ದರಂತೆ.

ಮನೆಯಲ್ಲಿ ಬಹಳ ದಿನ ಬೇಕಾದಷ್ಟೇ ಮಾತು. ಊಟ ಬಡಿಸಲಾ ಎಂದರೆ ಹೂಂ, ಸಾಕಾ ಎಂದರೆ ಸಾಕು. ಅವಳು ತಪ್ಪನ್ನು ಯಾರ ತಲೆಗೂ ಕಟ್ಟಲು ಹೋಗಲಿಲ್ಲ, ಅವನು ಅದನ್ನು ಬೇಗ ಮರೆಯಲೂ ಇಲ್ಲ. ಆದರೆ ಬೆಳಿಗ್ಗೆ ಟೀ ಕುಡಿದು ಅವನು ಆಡುವುದನ್ನು ಬಿಡಲಿಲ್ಲ. ಎಂಟರ ವೇಗದಲ್ಲೇ ಆಡುತ್ತಿದ್ದ. ಹಾಡು ಬರುತ್ತಿರಲಿಲ್ಲ. ಬರದಿದ್ದರೂ ಅವನು ಸಾದಾ ಅಂಗಿ ತೊಟ್ಟು ಹೊರಡುತ್ತಿದ್ದ. ಸುಟ್ಟ ಗುರುತಿನ ಯೂನಿಫಾರ್ಮ್ ಮೊಳೆಯ ಮೇಲೆಯೇ ಇತ್ತು. ಅದನ್ನು ತೆಗೆಯಲು ಅವಳಿಗೆ ಕೈ ಬರಲಿಲ್ಲ.

ಒಂದು ರಜೆಯ ದಿನ ಅವನು ಆ ಕಪ್ಪು ಕೊಡೆ ಬಿಚ್ಚಿಕೊಂಡು ಕೂತ. ಮುರಿದ ಕಡ್ಡಿ ತೆಗೆದು ಬೇರೆ ಹಾಕಿದ, ಹರಿದಲ್ಲಿ ಅವಳು ಹೊಲಿದುಕೊಟ್ಟಳು, ಮಡಿಕೆಗಳಿಗೆ ಹದ ನೋಡಿ ಇಸ್ತ್ರಿಯನ್ನೂ ಹಾಕಿದಳು. ಅವನು ಕೊಡೆಯನ್ನು ಒಮ್ಮೆ ಬಿಚ್ಚಿ, ಮುಚ್ಚಿ ನೋಡಿ, "ಅಜ್ಜಿಗೆ ಕೊಟ್ಟು ಬರೋಣ, ನೀನೂ ಬಾ" ಎಂದ.

"ಬಸ್ಸಲ್ಲಾ?"

"ಇನ್ನೇನು, ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

ತಿಂಗಳುಗಳ ನಂತರ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಅವಳು ಸೀರೆ ಬದಲಿಸಲು ಒಳಗೆ ಓಡಿದಳು.

ಹೀಗೆ ಇಸ್ತ್ರಿಯಕ್ಕ ಗಂಡನ ಬಸ್ಸನ್ನು ಮೊದಲ ಸಲ ಹತ್ತಿದಳು, ಅದು ಗಂಡನದಲ್ಲದ ಮೇಲೆ. ಕಂಡಕ್ಟರ್ ಇಬ್ಬರನ್ನೂ ಕೈಹಿಡಿದು ಮುಂದಿನ ಸೀಟಿಗೆ ಕರೆತಂದು ಕೂರಿಸಿದಳು. ಸ್ಟೀರಿಂಗ್ ಹಿಂದೆ ಹೊಸ ಡ್ರೈವರ್, ಗಟ್ಟಿ ತೋಳಿನ ತರುಣ, ಒಳ್ಳೆಯ ಕೈ. ಮೆತ್ತಣ್ಣ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಆ ಮರ, ಈ ಗೇಟು, ಇಲ್ಲಿ ಯಾವಾಗಲೂ ಹಸು ಮಲಗಿರುತ್ತದೆ ಎಂದು ಅವಳಿಗೆ ತೋರಿಸಿದ. ಇಷ್ಟು ವರ್ಷ ಒಬ್ಬನೇ ನೋಡಿದ್ದನ್ನೆಲ್ಲ ಒಂದೇ ದಿನದಲ್ಲಿ ಕೊಟ್ಟುಬಿಡುವವನ ಹಾಗೆ ತೋರಿಸಿದ.

ತಿರುವು ಬಂತು. ಸ್ಟಾಪಿನ ಹತ್ತಿರ ಒಂದು ನಾಯಿ ತಟ್ಟನೆ ರಸ್ತೆಗೆ ನುಗ್ಗಿತು. ಮೆತ್ತಣ್ಣನ ಕೈ ಕೊಡೆಯನ್ನು ಬಿಗಿಯಾಗಿ ಹಿಡಿದದ್ದನ್ನು ಅವಳು ನೋಡಿದಳು. ಡ್ರೈವರ್ ಬ್ರೇಕು ಹಾಕಿದ. ಬಸ್ಸು ಮೆಲ್ಲಗೆ ಮುಂದಕ್ಕೆ ವಾಲಿ ನಿಂತಿತು, ನಾಯಿ ದಾಟಿ ಆಚೆ ಹೋಯಿತು.

ಆಮೇಲೆ ಮೆತ್ತಣ್ಣನ ಬಲಗಾಲು ನೆಲವನ್ನು ಒತ್ತಿತು.

ಅವನು ತನ್ನ ಕಾಲನ್ನು ನೋಡಿಕೊಂಡ. ಅವಳೂ ನೋಡಿದಳು. ಬಸ್ಸು ಆಗಲೇ ನಿಂತು, ಜನ ಇಳಿಯಲು ಏಳುತ್ತಿದ್ದರು. ಅವಳು ತನ್ನ ಕೈಯನ್ನು ಅವನ ಮಂಡಿಯ ಮೇಲಿಟ್ಟಳು. ಅವನು ಅದನ್ನು ಸರಿಸಲಿಲ್ಲ.